ಶುಕ್ರವಾರದ ಪೈಲ್ವಾನ

ಪ್ರಾಣಿಗಳ ಆಸರೆ ಕೇಂದ್ರದಲ್ಲಿ ಕಾಂಪೌಂಡರ್ ಕೂರುತ್ತಿದ್ದ ಮೇಜಿಗೆ ಹತ್ತೊಂಬತ್ತು ವರ್ಷ, ಅವನ ನೌಕರಿಗೂ ಅಷ್ಟೇ. ಆ ಮೇಜಿನ ಮುಂದೆ ಬಂದು ನಿಂತವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ ಮಾತು. "ಒಳ್ಳೆ ಮನೆ ನೋಡಿ ಕೊಡ್ತೀವಿ, ನೀವೇನೂ ಯೋಚನೆ ಮಾಡ್ಬೇಡಿ." ಮನೆ ಬದಲಿಸುವವರು, ಮಗು ಹುಟ್ಟಿದವರು, ಗಂಡನ ಜೊತೆ ಮುರಿದುಕೊಂಡವರು, ಸುಮ್ಮನೆ ಬೇಸರ ಬಂದವರು, ಎಲ್ಲರೂ ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟು, ಆ ಒಂದು ಮಾತನ್ನು ಇಸಿದುಕೊಂಡು, ಮೂಗು ಒರೆಸಿಕೊಳ್ಳುತ್ತ ಹೊರಟುಹೋಗುತ್ತಿದ್ದರು.

ಹೇಳದ ಮಾತು ಇನ್ನೊಂದಿತ್ತು. ಎಂಟು ವರ್ಷ ದಾಟಿದ ಪ್ರಾಣಿಯನ್ನು ಹತ್ತು ದಿನದೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ ಡಾಕ್ಟರು ಸೂಜಿ ಚುಚ್ಚುತ್ತಾರೆ. ಗೂಡುಗಳು ಇರುವುದು ನಲವತ್ತು, ಬರುವ ಜೀವಗಳಿಗೆ ಲೆಕ್ಕವಿಲ್ಲ, ಏನು ಮಾಡುವುದು? ಡಾಕ್ಟರು ಚುಚ್ಚುತ್ತಾರೆ, ಕಾಂಪೌಂಡರ್ ತಲೆ ಹಿಡಿದುಕೊಳ್ಳುತ್ತಾನೆ. ಈ ಹತ್ತು ದಿನದ ವಿಷಯ ಬಂದವರ ಮುಂದೆ ಎತ್ತಕೂಡದು ಅಂತ ಯಾರೂ ಬರೆದು ಅಂಟಿಸಿರಲಿಲ್ಲ. ಹಿಂದಿನ ಕಾಂಪೌಂಡರ್ ಎತ್ತುತ್ತಿರಲಿಲ್ಲ, ಇವನೂ ಎತ್ತಲಿಲ್ಲ. ಬಂದವರು ಹಗುರಾಗಿ ಹೋಗಲಿ ಅಂತ, ಪಾಪ ಅಂತ. ಒಳ್ಳೆಯವನೇ ಅವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನಾಗಿದ್ದರೆ ಈ ಕಥೆ ಇಷ್ಟು ಬೆಳೆಯುತ್ತಲೇ ಇರಲಿಲ್ಲ.

ಒಂದು ಶನಿವಾರ ಆ ಮೇಜಿನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಹೋಟೆಲಿನ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ನಿಂತುಕೊಂಡು ಚಾದರ ಇಸ್ತ್ರಿ ಮಾಡಿ ಮಂಡಿ ಸವೆಸಿಕೊಂಡವಳು. ಗಂಡ ಹೋಗಿ ಎರಡು ವರ್ಷವಾಗಿತ್ತು. ಈಗ ಮಗಳು ತನ್ನ ಮನೆಗೆ ಕರೆದುಕೊಂಡು ಹೋಗುತ್ತಿದ್ದಳು, ಆದರೆ ಅಲ್ಲಿ ಮೊಮ್ಮಗಳಿಗೆ ಉಬ್ಬಸ, ನಾಯಿಯ ಕೂದಲು ಸೋಕಿದರೆ ಸಾಕು, ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಹೆಂಗಸಿನ ಕೈಯಲ್ಲಿದ್ದ ಹಗ್ಗದ ಇನ್ನೊಂದು ತುದಿಗೆ ಹನ್ನೊಂದು ವರ್ಷದ ನಾಯಿ ಇತ್ತು. ಕಡ್ಡಿಯಂಥ ಕಾಲು, ದೂರದಿಂದಲೇ ಎಣಿಸಬಹುದಾದ ಪಕ್ಕೆಲುಬು, ಬಲಗಡೆ ಅರ್ಧವೇ ಕಿವಿ.

"ಹೆಸರೇನಮ್ಮ?" ಅಂತ ಕಾಂಪೌಂಡರ್ ಪೆನ್ನು ಎತ್ತಿಕೊಂಡ.

"ಪೈಲ್ವಾನ."

ಕಾಂಪೌಂಡರ್ ತಲೆ ಎತ್ತಿ ನಾಯಿಯನ್ನು ನೋಡಿದ. ನಗು ತಡೆಯಲಾಗಲಿಲ್ಲ. ಆಕೆಯೂ ಒಂಚೂರು ನಕ್ಕಳು. "ನಮ್ಮೆಜಮಾನ್ರು ಇಟ್ಟಿದ್ದು. ತಮಾಷೆಗೆ ಅಂತ ಇಟ್ರು, ಇವನು ನಿಜ ಅಂತ ನಂಬ್ಕೊಂಡ. ಬೀದೀಲಿ ಎಲ್ಲಾ ನಾಯಿಗಳ ಮೇಲೂ ಜಗಳಕ್ಕೆ ಹೋಗಿ ಹೋಗೀನೇ ಕಿವಿ ಕಳ್ಕೊಂಡಿದ್ದು." ಆಮೇಲೆ ಒಂದು ಮಡಚಿದ ಕಾಗದ ಕೊಟ್ಟಳು. ಗುಡುಗಿದರೆ ಮಂಚದಡಿ ಹೋಗುತ್ತಾನೆ, ಎಳೆಯಬೇಡಿ. ಎಡಗಡೆ ಹಲ್ಲು ನೋವು, ಊಟ ನೆನೆಸಿ ಕೊಡಿ. ಹೊಗಳುತ್ತಿದ್ದರೆ ಬೇಗ ತಿನ್ನುತ್ತಾನೆ. ಇಂಥವು ಹದಿನಾಲ್ಕು ಸಾಲು. ಕಾಂಪೌಂಡರ್ ಕಾಗದವನ್ನು ನೋಂದಣಿ ಪುಸ್ತಕದಲ್ಲಿಟ್ಟು, ಹೇಳಬೇಕಾದ ಮಾತು ಹೇಳಿದ; ನೋಡೋಕೆ ಮಾತ್ರ ಬರ್ಬೇಡಿ, ಬಂದ್ರೆ ಅದಕ್ಕೆ ಮರೆಯೋದು ಕಷ್ಟ ಅಂತಲೂ ಸೇರಿಸಿದ. ಆಕೆ ಸಹಿ ಹಾಕಿ ಹೋದಳು. ಹತ್ತು ದಿನ ಯಾರೂ ಬರಲಿಲ್ಲ. ಹನ್ನೊಂದು ವರ್ಷದ, ಅರ್ಧ ಕಿವಿಯ, ಹಲ್ಲುನೋವಿನ ನಾಯಿಯನ್ನು ಯಾರು ತಾನೇ ಕೇಳಿಕೊಂಡು ಬರುತ್ತಾರೆ? ಮಂಗಳವಾರ ಡಾಕ್ಟರು ಸೂಜಿ ಚುಚ್ಚಿದರು, ಕಾಂಪೌಂಡರ್ ತಲೆ ಹಿಡಿದುಕೊಂಡ. ಪುಸ್ತಕದಲ್ಲಿ ಒಂದು ಗೆರೆ ಎಳೆದು ಕೈ ತೊಳೆಯಲು ಹೋದ.

ಇದು ಅವನ ಹಗಲು. ಅವನಿಗೆ ಇನ್ನೊಂದು ಬದುಕೂ ಇತ್ತು, ಅದು ಅವನ ಫೋನಿನಲ್ಲಿತ್ತು. ಬಾಲದ ಬಂಧುಗಳು ಅಂತ ಗುಂಪಿನ ಹೆಸರು. ಇನ್ನೂರ ಮೂವತ್ತು ಜನ. ಅದನ್ನು ಕಟ್ಟಿದವಳು ಬೇಕರಿ ನಡೆಸುವ ಒಬ್ಬ ಗಟ್ಟಿಗಿತ್ತಿ, ಎಲ್ಲರಿಗೂ ಬೇಕರಿಯಮ್ಮ. ಆಕೆ ಹಾಕಿದ ಕಟ್ಟಳೆಗಳು ಕೆಲವೇ ಕೆಲವು. ಜಗಳ ಕೂಡದು. ಯಾರೂ ಸ್ವಂತ ಹೆಸರಿನಿಂದ ಇರಕೂಡದು, ಸಾಕಿದ ಪ್ರಾಣಿಯ ಸಂಬಂಧದಿಂದಲೇ ಇರಬೇಕು. ಹಾಗಾಗಿ ಅಲ್ಲಿ ಚುಕ್ಕಿಯ ಅಮ್ಮ, ಬೆಳ್ಳಿಯ ಅಣ್ಣ, ಗಿಳಿಯ ಚಿಕ್ಕಪ್ಪ, ಆಮೆಯ ದೊಡ್ಡಮ್ಮ ಅಂತ ಒಂದು ದೊಡ್ಡ ಕುಟುಂಬವೇ ಇತ್ತು. ಬೆಳಿಗ್ಗೆ ಎದ್ದವರು ದೇವರ ಬಗ್ಗೆಯೋ ಬದುಕಿನ ಬಗ್ಗೆಯೋ ನಾಲ್ಕು ಸಾಲು ಬರೆಯಬೇಕು, ಶುಕ್ರವಾರ ಯಾರಾದರೂ ಒಂದು ಪ್ರಾಣಿಯ ಕಥೆ ಹೇಳಬೇಕು. ಕೇಂದ್ರದ ಹಿತ್ತಿಲಲ್ಲಿ ಬಿದ್ದಿರುತ್ತಿದ್ದ ಮೂರು ಕಾಲಿನ ಬೆಕ್ಕನ್ನು ಮುಂದಿಟ್ಟುಕೊಂಡು ಸೇರಿದ ಕಾಂಪೌಂಡರ್ ಅಲ್ಲಿ ಮೂರುಕಾಲಿಯ ಮಾವನಾದ. ಆರು ತಿಂಗಳಲ್ಲಿ ಬರೀ ಮಾವನಾದ. ಇನ್ನೂರ ಮೂವತ್ತು ಜನಕ್ಕೂ ಮಾವ.

ಯಾಕೆಂದರೆ ಅವನಿಗೆ ಬರೆಯಲು ಬರುತ್ತಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಅದು ಅವನಿಗೇ ಗೊತ್ತಾಯಿತು. "ಹಗ್ಗ ನಮ್ಮ ಕೈಯಲ್ಲಿದೆ ಅಂತ ನಾವು ಬೀಗುತ್ತೇವೆ. ನಮ್ಮ ಕೊರಳಿನ ಹಗ್ಗ ಹಿಡಿದವನು ಮೇಲೆ ನಿಂತು ನಗುತ್ತಾನೆ" ಅಂತ ಒಂದು ಬೆಳಿಗ್ಗೆ ಬರೆದ. ನೂರು ಜನ ಕೈ ಮುಗಿದರು. ಯಾರದೋ ಬೆಕ್ಕು ಸತ್ತಾಗ, "ಅದು ನಿಮ್ಮದಾಗಿರಲಿಲ್ಲ, ನಿಮ್ಮ ಹತ್ತಿರ ಇಟ್ಟಿದ್ದರು ಅಷ್ಟೇ. ಇಟ್ಟವರು ತೆಗೆದುಕೊಂಡು ಹೋದರು, ಜೋಪಾನವಾಗಿ ಕೊಟ್ಟಿರಲ್ಲ, ಅದೇ ದೊಡ್ಡದು" ಅಂತ ಬರೆದ. ಆ ಮನೆಯವರು ಅದನ್ನು ಬರೆಸಿ ಗೋಡೆಗೆ ಹಾಕಿಕೊಂಡರಂತೆ. ಅವನ ಕೆಲಸವೇನು ಅಂತ ಕೇಳಿದವರಿಗೆ ಆಸರೆ ಕೇಂದ್ರ ಅಂದಿದ್ದ. ದೇವರ ಕೆಲಸ ಮಾವ ನಿಮ್ಮದು ಅಂದರು. ಅವನು ಅಲ್ಲ ಅನ್ನಲಿಲ್ಲ.

ಅವನ ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ಬಾಯಿ ಜೋರು, ಕರುಳು ಮೆತ್ತಗೆ. "ಇಡೀ ದಿನ ಗೂಡು ತೊಳ್ದು ಬಂದು ವೇದಾಂತ ಬೇರೆ ಹೇಳ್ತೀಯಾ? ಕಾಲು ತೊಳ್ಕೊಂಡು ಬಾ ಮೊದ್ಲು" ಅನ್ನುತ್ತಿದ್ದಳು. ಆಮೇಲೆ ಅವಳೇ, "ಇವತ್ತೇನು ಬರ್ದೆ, ಓದು ನೋಡೋಣ" ಅನ್ನುತ್ತಿದ್ದಳು.

ಪೈಲ್ವಾನ ಹೋಗಿ ಮೂರು ವಾರಕ್ಕೆ ಗುಂಪಿಗೆ ಹೊಸಬರೊಬ್ಬರು ಸೇರಿದರು. ಕೇಂದ್ರದ ಮೇಜಿನ ಮೇಲೆ ಕಾಂಪೌಂಡರನೇ ಗುಂಪಿನ ವಿಳಾಸವನ್ನು ಅಂಟಿಸಿದ್ದ. ನೊಂದವರಿಗೆ ನೆರವಾಗಲಿ ಅಂತ. ಅಲ್ಲಿಂದ ಬರೆದುಕೊಂಡು ಹೋಗಿದ್ದಳಂತೆ. ಪೈಲ್ವಾನನ ಅಮ್ಮ ಅಂತ ಹೆಸರು ಕಂಡಾಗ ಕಾಂಪೌಂಡರ್ ಊಟದ ಡಬ್ಬಿ ತೊಳೆಯುತ್ತ ನಲ್ಲಿಯ ಹತ್ತಿರ ನಿಂತಿದ್ದ. ಎಲ್ಲರೂ ಬನ್ನಿ ಬನ್ನಿ ಅಂದರು. ಆಕೆ ತನ್ನ ಕಥೆ ಹೇಳಿಕೊಂಡಳು, ಇಂಥ ಕಡೆ ಬಿಟ್ಟು ಬಂದೆ ಅಂದಳು. ಬೇಕರಿಯಮ್ಮ ಸುಮ್ಮನಿರುತ್ತಾಳೆಯೇ? "ಅಯ್ಯೋ, ನಮ್ಮ ಮಾವ ಇರೋದೇ ಅಲ್ಲಿ! ಮಾವ, ಪೈಲ್ವಾನ ಹೇಗಿದ್ದಾನೆ ಹೇಳಿ."

ಕಾಂಪೌಂಡರ್ ಡಬ್ಬಿಯನ್ನು ಕೆಳಗಿಟ್ಟ. ಇನ್ನೂರ ಮೂವತ್ತು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಹತ್ತೊಂಬತ್ತು ವರ್ಷ ಮೇಜಿನ ಹಿಂದೆ ಕೂತು ಹೇಳಿದ ಮಾತು ತಾನಾಗಿ ಬೆರಳಿಗೆ ಬಂತು. ಒಳ್ಳೆ ಮನೆ ಸಿಕ್ಕಿದೆ ಅಂತ ಬರೆದ. ಊರಾಚೆ, ದೊಡ್ಡ ಅಂಗಳ, ಕೆಲಸದಿಂದ ನಿವೃತ್ತನಾದ ಲಾರಿ ಡ್ರೈವರ್ ಮತ್ತು ಅವರ ಹೆಂಡತಿ, ಮಕ್ಕಳಿಲ್ಲ, ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಆಕೆಯಿಂದ ಉತ್ತರ ಬರಲು ಸ್ವಲ್ಪ ಹೊತ್ತಾಯಿತು. "ಅಳ್ತಾ ಇದ್ದೀನಿ ಮಾವ, ಖುಷಿಗೆ. ಇವತ್ತು ಹೊಟ್ಟೆ ತುಂಬ ಊಟ ಮಾಡ್ತೀನಿ" ಅಂತ ಬಂತು. ಇಷ್ಟೇ ತಾನೆ, ಒಂದು ಜೀವ ನೆಮ್ಮದಿಯಾಗಿ ಊಟ ಮಾಡಿತು ಅಂದುಕೊಂಡ.

ಇಷ್ಟಕ್ಕೇ ನಿಲ್ಲಿಸಿದ್ದರೆ! ಆ ಶುಕ್ರವಾರ ಎಲ್ಲರೂ ಪೈಲ್ವಾನನ ಕಥೆ ಕೇಳಿದರು. ಬರೆದ. ಡ್ರೈವರ್ ಹೊಗಳುತ್ತ ಹೊಗಳುತ್ತ ಊಟ ಮಾಡಿಸಿದ್ದು, ಪಕ್ಕದ ಮನೆಯ ಹುಂಜ ಪೈಲ್ವಾನನನ್ನು ಅಂಗಳದ ತುಂಬ ಓಡಿಸಿದ್ದು. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಶುಕ್ರವಾರ ಗುಡುಗು, ಮಂಚದಡಿ ಪೈಲ್ವಾನನ ಪಕ್ಕ ತಾನೂ ಹೋಗಿ ಮಲಗಿದ ಡ್ರೈವರ್, ಸೊಂಟ ಹಿಡಿದು ಹೊರಗೆ ಬರಲಾಗದೆ ಹೆಂಡತಿ ಎಳೆದು ತೆಗೆದದ್ದು. ನೋಂದಣಿ ಪುಸ್ತಕದಿಂದ ಆ ಹದಿನಾಲ್ಕು ಸಾಲಿನ ಕಾಗದ ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದ, ಒಂದೊಂದು ಸಾಲಿಗೆ ಒಂದೊಂದು ಕಥೆ. ಫೋಟೋ ಕೇಳಿದರೆ ಡ್ರೈವರನದು ಹಳೇ ಫೋನು ಅಂದ. ಪ್ರತಿ ಕಥೆಯ ಕೊನೆಯಲ್ಲಿ ಎರಡು ಸಾಲು ವೇದಾಂತ. ಬದುಕಿದ್ದಾಗ ಯಾರಿಗೂ ಬೇಡವಾದ ನಾಯಿಗೆ ಸತ್ತ ಮೇಲೆ ಇನ್ನೂರ ಮೂವತ್ತು ಜನ ನೆಂಟರಾದರು.

ಅಕ್ಕನಿಗೆ ಅನುಮಾನ ಬಂದದ್ದು ಆಗಲೇ. "ಯಾವ ಡ್ರೈವರೋ ಅದು? ಎಲ್ಲಿ ಆ ಮನೆ?" ಅಂತ ಕೇಳಿದಳು. ಅವನು ಗೋಡೆ ನೋಡಿದ. ಅಕ್ಕನಿಗೆ ಇನ್ನೇನು ಬೇಕು? "ಥೂ ನಿನ್ನ" ಅಂದಳು. "ಸತ್ತ ನಾಯಿಯ ಬಾಲ ಆಡಿಸ್ತಾ ಕೂತಿದ್ದೀಯಲ್ಲೋ."

"ಆಕೆಗೆ ಸಮಾಧಾನ ಆಗ್ತಿದೆ ಅಕ್ಕ."

"ಆಕೆಗೋ, ನಿಂಗೋ?"

ಹನ್ನೆರಡನೆಯ ಶುಕ್ರವಾರದ ಹೊತ್ತಿಗೆ ಹದಿನಾಲ್ಕು ಸಾಲುಗಳೂ ಸವೆಯುತ್ತ ಬಂದಿದ್ದವು. ಅದರ ಮೇಲೆ ಗಿಳಿಯ ಚಿಕ್ಕಪ್ಪ ತನ್ನ ಗಿಳಿ ಹಾರಿಹೋಗಿ ಮರಳಿ ಬಂದ ಕಥೆ ಬರೆದು ಎಲ್ಲರ ಕಣ್ಣಲ್ಲಿ ನೀರು ಹಾಕಿಸಿದ್ದ. ಮಾವನಿಗೆ ಹೊಟ್ಟೆಕಿಚ್ಚಾಯಿತು ಅಂತ ಬಾಯಿಬಿಟ್ಟು ಹೇಳಿಬಿಡುತ್ತೇನೆ, ಮುಚ್ಚಿಡುವುದೇಕೆ? ಕೂತು, ಮೂರು ಸಲ ತಿದ್ದಿ, ಇದನ್ನು ಬರೆದ:

"ಸಂಜೆ ಆರಾದರೆ ಪೈಲ್ವಾನ ತಟ್ಟೆ ಬಿಟ್ಟು ಎದ್ದು ಹೋಗಿ ಗೇಟಿನ ಮುಂದೆ ಕೂರುತ್ತಾನೆ. ಕೂಗುವುದಿಲ್ಲ, ಅಲುಗುವುದಿಲ್ಲ. ರಸ್ತೆ ನೋಡುತ್ತಾನೆ. ಬೀದಿಯ ದೀಪ ಹತ್ತಿದ ಮೇಲೆ ಎದ್ದು ಒಳಗೆ ಬರುತ್ತಾನೆ. ಯಾರಿಗೆ ಕಾಯ್ತಾನೆ ಇವನು ಅಂತ ಡ್ರೈವರ್ ನನ್ನನ್ನು ಕೇಳಿದರು. ನನಗೆ ಗೊತ್ತಿತ್ತು, ಹೇಳಲಿಲ್ಲ. ನಾವೆಲ್ಲರೂ ಹಾಗೆ ಒಂದೊಂದು ಗೇಟಿನ ಮುಂದೆ ಕೂತವರೇ. ಬಿಟ್ಟುಹೋದವನು ಬಂದೇ ಬರುತ್ತಾನೆ ಅಂತ ಕಾಯುವುದಕ್ಕೇ ಭಕ್ತಿ ಅನ್ನುವುದು."

ಅವನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ಬೇಕರಿಯಮ್ಮ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಅತ್ತಳಂತೆ. ಗಿಳಿಯ ಚಿಕ್ಕಪ್ಪ, "ಸೋತೆ ಮಾವ" ಅಂತ ಬರೆದ. ಪೈಲ್ವಾನನ ಅಮ್ಮ ಮಾತ್ರ ಅವತ್ತು ಏನೂ ಬರೆಯಲಿಲ್ಲ. ಮೆಚ್ಚುಗೆಯ ಅಮಲಿನಲ್ಲಿ ಅದು ಇವನ ಗಮನಕ್ಕೇ ಬರಲಿಲ್ಲ.

ಒಂದು ತಿಂಗಳ ಮೇಲೆ, ಗುಂಪಿನಲ್ಲಲ್ಲ, ಅವನೊಬ್ಬನಿಗೇ ಆಕೆ ಬರೆದಳು. "ಮಾವ, ನಿಮ್ಮ ಗೇಟಿನ ಕಥೆ ಓದಿದ ದಿನದಿಂದ ನಿದ್ದೆ ಇಲ್ಲ. ಅಲ್ಲಿ ಅವನು ಎಷ್ಟೇ ಸುಖವಾಗಿದ್ರೂ ಕಾಯ್ತಿರೋದು ನನ್ನನ್ನೇ ಅಲ್ವಾ. ಒಂದು ರೂಮು ನೋಡಿದ್ದೀನಿ, ಕೆಳಗಿನ ಮನೆ, ನಾಯಿ ಇಟ್ಕೋಬಹುದು ಅಂದಿದ್ದಾರೆ. ಲಾಂಡ್ರಿಯವರು ಕೂತು ಮಡಚೋ ಕೆಲಸ ಕೊಡ್ತಾರಂತೆ. ಮಗಳಿಗೆ ಹೇಳಿದೆ. ನಾಯಿಗೋಸ್ಕರ ನಮ್ಮನ್ನ ಬಿಟ್ಟು ಹೋಗ್ತೀಯಾ, ಹೋದ್ರೆ ಮತ್ತೆ ಈ ಬಾಗಿಲಿಗೆ ಬರ್ಬೇಡ ಅಂದ್ಳು. ಅಳಿಯ ಮಾತೇ ಬಿಟ್ಟಿದ್ದಾರೆ. ಮೊಮ್ಮಗಳನ್ನ ನೆನೆದ್ರೆ ಕರುಳು ಕಿತ್ತು ಬರುತ್ತೆ. ಆದ್ರೂ ಅವಳಿಗೆ ಅಪ್ಪ ಅಮ್ಮ ಇದ್ದಾರೆ, ಅವನಿಗೆ ಯಾರಿದ್ದಾರೆ? ಒಂದನೇ ತಾರೀಖು ಹೋಗ್ತೀನಿ. ಡ್ರೈವರ್ ಯಜಮಾನ್ರಿಗೆ ನೀವೇ ಒಂದು ಮಾತು ಹೇಳಿ ಕೊಡಿಸಿ."

ಒಂದನೇ ತಾರೀಖಿಗೆ ಹದಿನೆಂಟು ದಿನವಿತ್ತು. ಕಾಂಪೌಂಡರ್ ಫೋನನ್ನು ಅಕ್ಕನ ಮುಂದೆ ಹಿಡಿದ. ಅಕ್ಕ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಳು. ಈ ಸಲ ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು.

"ಇವತ್ತೇ ಹೇಳು," ಅಂದಳು. "ಆಕೆ ಇನ್ನೂ ಮಗಳ ಮನೇಲಿದ್ದಾಳೆ. ಇವತ್ತು ಹೇಳಿದ್ರೆ ಅತ್ತು, ನಿನ್ನನ್ನ ಬಾಯಿಗೆ ಬಂದಂಗೆ ಬೈದು, ಅಲ್ಲೇ ಉಳೀತಾಳೆ. ಹೋದ ಮೇಲೆ ಹೇಳಿದ್ರೆ ಎಲ್ಲಿ ಕೂತು ಅಳ್ತಾಳೋ?"

"ಹೇಳ್ತೀನಿ ಅಕ್ಕ."

"ಈಗ. ನನ್ನ ಮುಂದೆ."

"ಫೋನಲ್ಲಿ ಹೇಳೋ ವಿಷಯ ಅಲ್ಲ ಅದು. ನಾಳೆ ಹೋಗಿ ಹೇಳ್ತೀನಿ."

ನಾಳೆ ಹೋಗಲಿಲ್ಲ. ನಾಳಿದ್ದೂ ಹೋಗಲಿಲ್ಲ. ಬರೆದ, ಅಳಿಸಿದ. ಕೊನೆಗೆ ಅವನಿಗೆ ತಿಳಿದಿದ್ದ ವಿದ್ಯೆಯನ್ನೇ ನೆಚ್ಚಿಕೊಂಡ. ಬೆಳಗಿನ ಮಾತಿನಲ್ಲಿ, "ಪ್ರೀತಿ ಅಂದರೆ ಹಿಡಿಯುವುದಲ್ಲ, ಬಿಡುವುದು. ಇರುವಲ್ಲಿ ಸುಖವಾಗಿರಲಿ ಅನ್ನುವುದೇ ದೊಡ್ಡ ಪೂಜೆ" ಅಂತ ಬರೆದ. ಆಕೆಯ ಕಣ್ಣಿಗೆ ಬೀಳಲಿ ಅಂತಲೇ ಬರೆದದ್ದು. ಬಿತ್ತು. "ನೀವು ಹೇಳೋದು ಸರಿ ಮಾವ," ಅಂತ ಆಕೆ ಉತ್ತರ ಬರೆದಳು, "ಆದರೆ ಕಾಯೋದೇ ಭಕ್ತಿ ಅಂತಾನೂ ನೀವೇ ಬರೆದಿದ್ದೀರಿ. ಕಾಯ್ತಾ ಇರೋರಿಗೆ ಬಿಟ್ಟುಬಿಡು ಅಂತ ಹೇಗೆ ಹೇಳ್ಲಿ?" ಡ್ರೈವರ್ ಪರವೂರಿಗೆ ಹೋಗಿದ್ದಾರೆ, ಬರುವುದು ತಡವಾಗಬಹುದು ಅಂದ. ಪರವಾಗಿಲ್ಲ, ಅಷ್ಟರಲ್ಲಿ ನಾನು ರೂಮು ಸರಿಮಾಡಿಕೊಳ್ಳುತ್ತೇನೆ ಅಂದಳು. ಅವನು ಒಂದು ಬಾಗಿಲು ಮುಚ್ಚಿದರೆ ಆಕೆ ಇನ್ನೊಂದು ತೆಗೆದುಕೊಂಡು ಬರುತ್ತಿದ್ದಳು.

ಅಷ್ಟು ಸಾಲದು ಅಂತ ಆಕೆ ಗುಂಪಿನಲ್ಲೂ ಹೇಳಿಬಿಟ್ಟಳು. ಅಲ್ಲಿಗೆ ಮುಗಿಯಿತು. ಬೇಕರಿಯಮ್ಮ ಸೊಂಟ ಕಟ್ಟಿ ನಿಂತಳು. ಪೈಲ್ವಾನ ಮನೆಗೆ ಬರುವ ಭಾನುವಾರ ಅಂತ ದಿನವೇ ನಿಶ್ಚಯವಾಯಿತು. ಒಬ್ಬರು ಮೆತ್ತನೆಯ ಹಾಸಿಗೆ ಕಳಿಸಿದರು, ಒಬ್ಬರು ಸ್ಟೀಲಿನ ತಟ್ಟೆ. ಬೆಳ್ಳಿಯ ಅಣ್ಣ ಕೊರಳ ಪಟ್ಟಿಗೆ ಹೆಸರು ಕೊರೆಸಿ ಕಳಿಸಿದ. ಅಮ್ಮ ಮಗ ಒಂದಾಗುವುದನ್ನು ನಮಗೂ ತೋರಿಸಿ ಅಂತ ಎಲ್ಲರ ಒತ್ತಾಯ. ಎಲ್ಲಕ್ಕೂ ಕೊನೆಯಲ್ಲಿ, "ಇದೆಲ್ಲಾ ನಮ್ಮ ಮಾವನಿಂದ" ಅಂತ ಸೇರಿಸುತ್ತಿದ್ದರು.

ಇಪ್ಪತ್ತೊಂಬತ್ತನೇ ತಾರೀಖು ಕಾಂಪೌಂಡರ್ ಗೂಡುಗಳ ಸಾಲಿನಲ್ಲಿ ನಡೆಯುತ್ತಿದ್ದವನು ಒಂದು ಗೂಡಿನ ಮುಂದೆ ನಿಂತುಬಿಟ್ಟ. ಒಳಗೆ ಒಂದು ಬಡಕಲು ಮುದಿ ನಾಯಿ. ಬಣ್ಣ ಅದೇ. ಕಾಲು ಅದೇ. ಕಿವಿ ಮಾತ್ರ ಎರಡೂ ಪೂರ್ತಿ ಇದ್ದವು. ಔಷಧಿ ಕೋಣೆಯಲ್ಲಿ ಕತ್ತರಿ ಇದೆ, ಮರಗಟ್ಟಿಸುವ ಮದ್ದಿದೆ, ಹತ್ತು ನಿಮಿಷದ ಕೆಲಸ. ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ನಾಯಿ ಎದ್ದು ಬಂದು ಕಂಬಿಯ ಸಂದಿನಿಂದ ಅವನ ಬೆರಳು ನೆಕ್ಕಿತು. ಅವನು ಕೈ ಎಳೆದುಕೊಂಡ. ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡ.

ಒಂದನೇ ತಾರೀಖು ಬಂತು, ಹೋಯಿತು. ಆಕೆ ಮಗಳ ಮನೆ ಬಿಟ್ಟಳು.

ಭಾನುವಾರದ ಹಿಂದಿನ ದಿನ ಮಧ್ಯಾಹ್ನ ಕಾಂಪೌಂಡರ್ ಆ ರೂಮಿನ ಬಾಗಿಲು ತಟ್ಟಿದ. ಅಕ್ಕ ಬೆಳಿಗ್ಗೆ ಹೇಳಿದ್ದಿಷ್ಟೇ: "ಹೇಳದೆ ಮನೆಗೆ ಬಂದ್ರೆ ನಾನು ಬಾಗ್ಲು ತೆಗ್ಯಲ್ಲ." ಓಣಿಯ ಕೊನೆಯ ಮನೆ, ಒಂದೇ ಕೋಣೆ. ಆಕೆ ಅವನನ್ನು ಕಂಡು ಮೊದಲು ಅವನ ಹಿಂದೆ ನೋಡಿದಳು, ಕೆಳಗೆ, ನಾಯಿ ಇರಬಹುದಾದ ಎತ್ತರಕ್ಕೆ.

"ನಾಳೆ ಅಲ್ವಾ ಮಾವ? ಇವತ್ತೇ ಕರ್ಕೊಂಡು ಬಂದ್ರಾ?"

"ಇಲ್ಲಮ್ಮ. ನಾನೊಬ್ನೇ."

ಒಳಗೆ ಕರೆದು ಇದ್ದ ಒಂದೇ ಕುರ್ಚಿಯನ್ನು ಅವನಿಗೆ ಕೊಟ್ಟು, ತಾನು ಮಂಚದ ತುದಿಯಲ್ಲಿ ಕೂತಳು. ಮಂಡಿ ಬಗ್ಗಿಸುವಾಗ ಹಲ್ಲು ಕಚ್ಚಿದ್ದನ್ನು ಅವನು ನೋಡಿದ. ಮಂಚದ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇತ್ತು. "ಎತ್ತರ ಮಾಡಿಸ್ದೆ," ಅಂದಳು. "ಗುಡುಗಿದ್ರೆ ಅವನಿಗೆ ಒಳಗೆ ಹೋಗೋಕೆ ಜಾಗ ಬೇಕಲ್ಲ. ಮಗಳು ಫೋನ್ ಮಾಡಿಲ್ಲ ಮಾವ. ಮಾಡ್ತಾಳೆ ಬಿಡಿ, ಕೋಪ ಎಷ್ಟು ದಿನ ಇರುತ್ತೆ? ಇವನು ಬಂದ್ಮೇಲೆ ಒಂದು ಫೋಟೋ ಕಳಿಸ್ತೀನಿ, ಮೊಮ್ಮಗಳಾದ್ರೂ ನೋಡ್ಲಿ."

ಕಾಂಪೌಂಡರ್ ಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ, ಒಂದೂ ನೆನಪಿಗೆ ಬರಲಿಲ್ಲ. ಅದೇ ಒಳ್ಳೆಯದಾಯಿತು.

"ಪೈಲ್ವಾನ ಇಲ್ಲಮ್ಮ," ಅಂದ. "ನೀವು ಬಿಟ್ಟು ಹೋದ ಹತ್ತನೇ ದಿನಕ್ಕೆ ಹೋದ. ಡ್ರೈವರೂ ಇಲ್ಲ, ಅಂಗಳಾನೂ ಇಲ್ಲ. ಎಲ್ಲ ನಾನು ಕಟ್ಟಿದ್ದು. ಮುದಿ ನಾಯಿಗಳನ್ನ ಹತ್ತು ದಿನಕ್ಕಿಂತ ಇಟ್ಕೊಳಲ್ಲ ನಮ್ಮಲ್ಲಿ. ಸೂಜಿ ಹಾಕ್ತಾರೆ. ತಲೆ ಹಿಡ್ಕೊಂಡಿದ್ದು ನಾನೇ."

ಆಕೆ ಅವನ ಮುಖವನ್ನೇ ನೋಡುತ್ತಿದ್ದಳು. ಅಳುತ್ತಾಳೆ, ಬೈಯುತ್ತಾಳೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ ಅಂತ ಅವನು ಕಾದ. "ಹತ್ತನೇ ದಿನ ಅಂದ್ರೆ ಮಂಗಳವಾರ," ಅಂದಳು. "ಮಂಗಳವಾರ ನಾನು ಮೊಮ್ಮಗಳಿಗೆ ಜಡೆ ಹಾಕ್ತಾ ಇದ್ದೆ." ಅದನ್ನು ಯಾಕೆ ಹೇಳಿದಳೋ ಅವಳಿಗೂ ತಿಳಿಯಲಿಲ್ಲ.

"ನಾನು ನಿಮ್ಮ ಮಗಳ ಹತ್ರ ಹೋಗಿ ಕಾಲಿಗೆ ಬೀಳ್ತೀನಮ್ಮ. ತಪ್ಪೆಲ್ಲ ನಂದು ಅಂತೀನಿ."

"ಏನಂತ ಹೇಳ್ತೀರಿ? ನಿಮ್ಮಮ್ಮ ಸತ್ತ ನಾಯಿಗೋಸ್ಕರ ನಿಮ್ಮನ್ನೆಲ್ಲ ಬಿಟ್ಟು ಬಂದ್ಳು ಅಂತಾನಾ?" ದನಿ ಏರಲಿಲ್ಲ. "ಬದುಕಿರೋ ನಾಯಿಗೋಸ್ಕರ ಬಿಟ್ಟು ಬಂದಿದ್ದನ್ನೇ ಅವಳು ಕ್ಷಮಿಸಿಲ್ಲ."

ಮಂಚದ ಮೇಲಿದ್ದ ಫೋನು ಸದ್ದು ಮಾಡಿತು. ಮತ್ತೆ ಮಾಡಿತು. ಗುಂಪಿನವರು. ನಾಳೆ ಎಷ್ಟು ಗಂಟೆಗೆ, ಪೈಲ್ವಾನನಿಗೆ ಪಟ್ಟಿ ಸರಿಹೋಗುತ್ತದೆಯೇ, ಮಾವ ನಾಳೆಗೆ ಏನು ಬರೆಯುತ್ತಾರೋ. ಆಕೆ ಓದಿ ಫೋನನ್ನು ಅವನತ್ತ ಚಾಚಿದಳು. "ಇವರಿಗೆ ನೀವೇ ಹೇಳಿ. ಚೆನ್ನಾಗಿ ಬರೀತೀರಲ್ಲ."

ಅವನು ತನ್ನ ಫೋನು ತೆಗೆದು, ಆಕೆಯ ಎದುರಿಗೇ ಬರೆದ. "ಪೈಲ್ವಾನ ಸತ್ತು ಐದು ತಿಂಗಳಾಯಿತು. ನಾನೇ ಹಿಡಿದುಕೊಂಡಿದ್ದೆ. ಶುಕ್ರವಾರ ಬರೆದದ್ದೆಲ್ಲ ಸುಳ್ಳು. ಅದನ್ನು ನಂಬಿ ಈ ತಾಯಿ ಮನೆ ಮಗಳು ಮೊಮ್ಮಗಳು ಎಲ್ಲ ಕಳೆದುಕೊಂಡರು." ಕಳಿಸಿ, ಕುರ್ಚಿಯಲ್ಲಿ ಬೆನ್ನು ಬಗ್ಗಿಸಿ ಕೂತ. ಉಗಿಯಲಿ, ಅಟ್ಟಲಿ, ಮುಖಕ್ಕೆ ಮಸಿ ಬಳಿಯಲಿ. ಅದು ಅವನಿಗೆ ಬೇಕಾಗಿತ್ತು.

ಮೊದಲು ಬೇಕರಿಯಮ್ಮ ಬರೆದಳು. "ಅಯ್ಯೋ ದೇವರೇ. ಮಾವ, ನಿಮ್ಮ ಮನಸ್ಸು ಎಷ್ಟು ನೊಂದಿರಬೇಡ. ಒಳ್ಳೆಯದಕ್ಕೇ ತಾನೇ ಮಾಡಿದ್ದು." ಚುಕ್ಕಿಯ ಅಮ್ಮ ಬರೆದಳು, "ಎಲ್ಲ ಮೇಲಿನವನ ಇಚ್ಛೆ. ಪೈಲ್ವಾನನ ಅಮ್ಮ ಧೈರ್ಯ ತಂದುಕೊಳ್ಳಿ, ನಾವೆಲ್ಲ ಇದ್ದೇವೆ." ಆಮೆಯ ದೊಡ್ಡಮ್ಮ, "ಅದು ನಿಮ್ಮದಾಗಿರಲಿಲ್ಲ, ನಿಮ್ಮ ಹತ್ತಿರ ಇಟ್ಟಿದ್ದರು ಅಷ್ಟೇ" ಅಂತ ಬರೆದು ಎರಡು ದೀಪದ ಚಿತ್ರ ಹಾಕಿದಳು. ಒಬ್ಬರಾದ ಮೇಲೊಬ್ಬರು ಕೈ ಮುಗಿದರು. ಇನ್ನೂರ ಮೂವತ್ತು ಜನರಲ್ಲಿ ಒಬ್ಬರಿಗೂ ಸಿಟ್ಟು ಬರಲಿಲ್ಲ. ಆಕೆ ಕೊನೆಯವರೆಗೂ ಓದಿ ಫೋನನ್ನು ಬೋರಲಾಗಿ ಇಟ್ಟಳು.

"ಒಳ್ಳೆ ಜನ," ಅಂದಳು. "ಆ ಗೇಟಿನ ಕಥೆ? ಅದೂ ಕಟ್ಟಿದ್ದೇನಾ?" ಅಂತ ಕೇಳಿದಳು.

ಕಾಂಪೌಂಡರನಿಗೆ ಇದನ್ನು ಕೇಳುತ್ತಾಳೆ ಅನ್ನುವುದು ಹೊಳೆದೇ ಇರಲಿಲ್ಲ. ಹೌದು ಅಂದರೆ ಆಕೆ ಇಲ್ಲದ್ದಕ್ಕೆ ಎಲ್ಲ ಕಳೆದುಕೊಂಡವಳು. ಇಲ್ಲ ಅಂದರೆ ಅದಕ್ಕಿಂತ ಘೋರ. ಯಾವ ಕಡೆಗೂ ಸಮಾಧಾನದ ಮಾತು ಇರಲಿಲ್ಲ, ಹುಡುಕುವ ಯೋಗ್ಯತೆಯೂ ಅವನಿಗೆ ಉಳಿದಿರಲಿಲ್ಲ.

"ಅದೊಂದು ನಿಜಮ್ಮ," ಅಂದ. "ಡ್ರೈವರ್ ಮನೇಲಲ್ಲ, ನಮ್ಮಲ್ಲೇ. ಅವನ ಗೂಡು ರಸ್ತೆ ಕಡೆಗಿತ್ತು. ಹತ್ತು ದಿನಾನೂ ಅತ್ತ ಮುಖ ಮಾಡ್ಕೊಂಡೇ ಕೂತಿದ್ದ. ನೋಡಿದ್ದನ್ನೇ ಬರೆದೆ."

ಆಕೆ ತಲೆಯಾಡಿಸಿದಳು. ಸೆರಗಿನ ಅಂಚನ್ನು ಮಡಚಿದಳು, ಬಿಡಿಸಿದಳು, ಚಾದರ ಮಡಚುವವರ ಅಚ್ಚುಕಟ್ಟಿನಿಂದ ಮತ್ತೆ ಮಡಚಿದಳು.

"ಎಂಟನೇ ದಿನ ನಾನು ಬಂದಿದ್ದೆ," ಅಂದಳು. "ತಡೆಯೋಕಾಗ್ಲಿಲ್ಲ. ಸಂಜೆ. ರಸ್ತೆ ಆಚೆ ಬಸ್ ಸ್ಟಾಪಲ್ಲಿ ನಿಂತಿದ್ದೆ. ಒಳಗೆ ಬರೋಣ ಅಂತ ಎರಡು ಸಲ ರಸ್ತೆಗೆ ಇಳಿದೆ. ನೋಡೋಕೆ ಬರ್ಬೇಡಿ, ಬಂದ್ರೆ ಅದಕ್ಕೆ ಮರೆಯೋದು ಕಷ್ಟ ಅಂತ ನೀವು ಹೇಳಿ ಕಳಿಸಿದ್ರಲ್ಲ, ಅದಕ್ಕೇ ವಾಪಸ್ ಹೋದೆ. ಹೋಗೋವಾಗ ಒಂದು ನಾಯಿ ಕೂಗ್ತಾನೇ ಇತ್ತು. ನಮ್ಮೋನಲ್ಲ ಅಂದ್ಕೊಂಡೆ. ನಮ್ಮೋನ ದನಿ ಅಷ್ಟು ಜೋರಿಲ್ಲ. ನಮ್ಮೋನೇನಾ ಅದು?"

ಆ ಸಂಜೆ ಅವನಿಗೆ ನೆನಪಿತ್ತು. ಬಂದ ದಿನದಿಂದ ಒಮ್ಮೆಯೂ ಬಾಯಿ ಬಿಡದಿದ್ದ ನಾಯಿ ಎದ್ದು ನಿಂತು, ಕಂಬಿಗೆ ಎರಡೂ ಕಾಲು ಕೊಟ್ಟು, ಕೊರಳು ಹರಿಯುವ ಹಾ​ಗೆ ಕೂಗಿತ್ತು. ಡಾಕ್ಟರು ಏನದು ಗಲಾಟೆ ಅಂದಿದ್ದರು. ಕಾಂಪೌಂಡರ್ ಹೋಗಿ ರಸ್ತೆ ಕಡೆಯ ಶಟರ್ ಎಳೆದಿದ್ದ.

"ಹೌದಮ್ಮ," ಅಂದ.

"ಅವತ್ತು ಒಳಗೆ ಬಂದು ಕೇಳಿದ್ರೆ ಕೊಡ್ತಿದ್ರಾ?"

"ಕೊಡ್ತಿದ್ವಿ."

ಆಕೆ ಮಂಚದ ಚೌಕಟ್ಟು ಹಿಡಿದುಕೊಂಡು ಎದ್ದು, ಕುಂಟುತ್ತ ಹೋಗಿ ಬಾಗಿಲು ತೆಗೆದಳು. "ಸರಿ," ಅಂದಳು. "ನೀವಿನ್ನು ಹೊರಡಿ."